ಹಳೆಯ ಅಗ್ಗಿಷ್ಟಿಕೆಯಲ್ಲಿ ಕೂರಿಸಿದ ಸೌದೆ ಇನ್ಸರ್ಟ್ ಹೊಗೆ ಉಗುಳಿದರೆ: ದೋಷ ನಿವಾರಣೆ ಕೈಪಿಡಿ

ಬಾಸ್ಟನ್ ಸುತ್ತಮುತ್ತ, ಕನೆಕ್ಟಿಕಟ್, ನ್ಯೂಜೆರ್ಸಿ ಕಡೆ 1940ಕ್ಕೂ ಮುಂಚೆ ಕಟ್ಟಿದ ಮನೆ ಕೊಂಡರೆ ನಡುಮನೆಯಲ್ಲಿ ಒಂದು ಇಟ್ಟಿಗೆಯ ಅಗ್ಗಿಷ್ಟಿಕೆ ಇರುವುದು ಸಾಮಾನ್ಯ. ನೋಡಲು ಚೆಂದ. ಆದರೆ ತೆರೆದ ಬೆಂಕಿ ಹಾಕಿದರೆ ಬಿಸಿಯ ಬಹುಪಾಲು ಚಿಮಣಿ ಹತ್ತಿ ಹೋಗುತ್ತದೆ, ಮನೆಯೊಳಗಿನ ಬೆಚ್ಚನೆಯ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಅದರ ಬಾಯೊಳಗೆ ಗಾಜಿನ ಬಾಗಿಲಿನ ಸೌದೆ ಇನ್ಸರ್ಟ್, ಅಂದರೆ ಮುಚ್ಚಿದ ಲೋಹದ ಒಲೆ, ಕೂರಿಸುತ್ತಾರೆ. ಕೂರಿಸಿದ ಮೇಲೆ ಬರುವ ದೂರುಗಳು ಹೆಚ್ಚುಕಮ್ಮಿ ಇವೇ: ಬಾಗಿಲು ತೆಗೆದರೆ ಹೊಗೆ ಮುಖಕ್ಕೆ ಬರುತ್ತದೆ, ಗಾಜು ಒಂದೇ ರಾತ್ರಿಯಲ್ಲಿ ಕಪ್ಪಾಗುತ್ತದೆ, ಎಷ್ಟು ಸೌದೆ ಹಾಕಿದರೂ ಕೋಣೆ ಬೆಚ್ಚಗಾಗುವುದಿಲ್ಲ, ಮಳೆ ಬಂದರೆ ಸುಟ್ಟ ವಾಸನೆ, ಮಹಡಿಯ ಕೋಣೆಯಲ್ಲಿ ಹೊಗೆ.

ಇವುಗಳಲ್ಲಿ ಇನ್ಸರ್ಟಿನದೇ ತಪ್ಪು ಇರುವುದು ಅಪರೂಪ. ಇನ್ಸರ್ಟಿನ ಕಾಲರ್‌ನಿಂದ (ಹೊಗೆ ಹೊರಡುವ ದುಂಡು ಬಾಯಿಯಿಂದ) ಚಿಮಣಿಯ ತುದಿಯ ಟೋಪಿಯವರೆಗಿನ ದಾರಿಯಲ್ಲೇ ತಪ್ಪು ಸಿಗುತ್ತದೆ, ಅದರಲ್ಲೂ ಹಳೆಯ ಡ್ಯಾಂಪರ್ (ಚಿಮಣಿಯ ದಾರಿ ಮುಚ್ಚುವ ಮುಚ್ಚಳ) ಇರುವ ಕತ್ತಿನ ಒಂದೂವರೆ ಅಡಿಯಲ್ಲಿ. ಇನ್ಸರ್ಟ್ ಬದಲಾಯಿಸಲು ಸಾವಿರಾರು ಡಾಲರ್ ಕೊಡುವ ಮೊದಲು ಆ ದಾರಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ ಮುಗಿಸಬೇಕು.

ಹಳೆಯ ಚಿಮಣಿ ಇನ್ಸರ್ಟಿಗೆ ಯಾಕೆ ಒಗ್ಗುವುದಿಲ್ಲ

ತೆರೆದ ಬೆಂಕಿ ನಿಮಿಷಕ್ಕೆ ನೂರಾರು ಘನ ಅಡಿ ಗಾಳಿಯನ್ನು ಮೇಲಕ್ಕೆ ಒಯ್ಯುತ್ತದೆ. ಆ ಚಿಮಣಿಯನ್ನು ಅಷ್ಟು ಗಾಳಿಗೆ ತಕ್ಕ ಹಾಗೆ ಅಗಲವಾಗಿ ಕಟ್ಟಿದ್ದಾರೆ. ಇನ್ಸರ್ಟಿನಿಂದ ಹೊರಡುವ ಹೊಗೆ ಅದರ ಒಂದು ಸಣ್ಣ ಪಾಲು ಮಾತ್ರ. 6 ಇಂಚಿನ ಕಾಲರ್‌ನ ವಿಸ್ತೀರ್ಣ ಸುಮಾರು 28 ಚದರ ಇಂಚು. ಹೊರ ಅಳತೆ 13 ಇಂಚು ಚೌಕ ಇರುವ ಜೇಡಿಮಣ್ಣಿನ ಫ್ಲೂ (ಚಿಮಣಿಯೊಳಗಿನ ಹೊಗೆದಾರಿ) ಒಳಗಡೆ ಸುಮಾರು 120 ಚದರ ಇಂಚು, ಅಂದರೆ ನಾಲ್ಕು ಪಟ್ಟು. ಹೊಗೆ ಅಷ್ಟು ದೊಡ್ಡ ಜಾಗಕ್ಕೆ ಬಂದ ಕೂಡಲೇ ನಿಧಾನವಾಗುತ್ತದೆ, ತಣ್ಣಗಾಗುತ್ತದೆ, ಗೋಡೆಗೆ ಅಂಟಿ ಕ್ರಿಯೊಸೋಟ್ (ಬೆಂಕಿ ಹತ್ತುವ ಅಂಟು ಮಸಿ) ಆಗುತ್ತದೆ, ಮೇಲಿನ ಸೆಳೆತ ಸತ್ತುಹೋಗುತ್ತದೆ. ಅಮೆರಿಕದ ಎನ್‌ಎಫ್‌ಪಿಎ (ರಾಷ್ಟ್ರೀಯ ಅಗ್ನಿಸುರಕ್ಷತಾ ಸಂಸ್ಥೆ) 211 ಮಾನದಂಡ ಇದಕ್ಕೆ ಮಿತಿ ಹಾಕಿದೆ: ಚಿಮಣಿ ಪೂರ್ತಿ ಮನೆಯೊಳಗೇ ಇದ್ದರೆ ಫ್ಲೂ ವಿಸ್ತೀರ್ಣ ಕಾಲರ್‌ನ ಮೂರು ಪಟ್ಟು ಮೀರಬಾರದು, ಹೊರಗೋಡೆಯಲ್ಲಿದ್ದರೆ ಎರಡು ಪಟ್ಟು. ಹಳೆಯ ಮನೆಗಳ ಬಹುತೇಕ ಅಗ್ಗಿಷ್ಟಿಕೆಗಳು ಈ ಮಿತಿ ದಾಟಿರುತ್ತವೆ. ಆದ್ದರಿಂದ ಕಾಲರ್‌ನಿಂದ ತುದಿಯವರೆಗೆ 6 ಇಂಚಿನ ಸ್ಟೇನ್‌ಲೆಸ್ ಲೈನರ್ (ಒಳಕೊಳವೆ) ಇಳಿಸಲೇಬೇಕು. ಹಿಂದಿನ ಮಾಲೀಕರ ಕಾಲದಲ್ಲಿ ಬೆಂಕಿ ಚೆನ್ನಾಗಿ ಉರಿಯುತ್ತಿತ್ತು ಎಂಬುದು ಇಲ್ಲಿ ಸಾಕ್ಷಿಯೇ ಅಲ್ಲ.

1970–80ರ ದಶಕಗಳ ಕೆಲವು ಇನ್ಸರ್ಟುಗಳು ಇನ್ನೂ ಬಳಕೆಯಲ್ಲಿವೆ. ಯಾವ ಕೊಳವೆಯನ್ನೂ ಜೋಡಿಸದೆ ಅವನ್ನು ಅಗ್ಗಿಷ್ಟಿಕೆಯ ಬಾಯಿಗೆ ಸುಮ್ಮನೆ ತಳ್ಳಿರುತ್ತಾರೆ. ಹೊಗೆ ಇಟ್ಟಿಗೆ ಗೂಡಿನಲ್ಲಿ ಸುತ್ತಾಡಿ ಹೇಗೋ ಮೇಲೆ ಹೋಗುತ್ತದೆ, ಮಸಿಯೆಲ್ಲ ಇನ್ಸರ್ಟಿನ ಹಿಂದೆ ಕೈಗೆಟುಕದ ಜಾಗದಲ್ಲಿ ಕೂರುತ್ತದೆ. ನಿಮ್ಮದು ಅಂಥದ್ದಾದರೆ ಕೆಳಗಿನ ಪರೀಕ್ಷೆಗಳು ಬೇಡ. ಲೈನರ್ ಹಾಕುವ ತನಕ ಅದನ್ನು ಉರಿಸಬೇಡಿ.

ಬೆಂಕಿ ಆರಿರುವಾಗಲೇ ಮಾಡುವ ಪರೀಕ್ಷೆ

ಇನ್ಸರ್ಟ್ ಕನಿಷ್ಠ 24 ಗಂಟೆ ಆರಿರಬೇಕು. ಬೇಕಾದ ಸಾಮಾನು: ಒಳ್ಳೆಯ ಟಾರ್ಚ್, ಕೈಗನ್ನಡಿ, ಉದ್ದ ವೈರಿನ ತಪಾಸಣೆ ಕ್ಯಾಮೆರಾ, ಸೌದೆಯ ತೇವ ಅಳೆಯುವ ಮೀಟರ್, ಇನ್‌ಫ್ರಾರೆಡ್ ಥರ್ಮಾಮೀಟರ್, ಒಂದು ಡಾಲರ್ ನೋಟು, ಒಂದು ಊದುಬತ್ತಿ. ಅಂಗಡಿಯಲ್ಲಿ ಸಿಗುವ ಸ್ಮೋಕ್ ಪೆನ್ಸಿಲ್ ಮಾಡುವ ಕೆಲಸವನ್ನು ದೇವರ ಮನೆಯ ಊದುಬತ್ತಿ ಅಷ್ಟೇ ಚೆನ್ನಾಗಿ ಮಾಡುತ್ತದೆ. ಇನ್ಸರ್ಟ್ ಇರುವ ಅಂತಸ್ತಿನಲ್ಲಿ ಮತ್ತು ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಕೆಲಸ ಮಾಡುತ್ತಿರಲಿ. ಅದಿಲ್ಲದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ.

ಗಾಳಿ ನಿಯಂತ್ರಣವನ್ನು ಪೂರ್ತಿ ತೆರೆಯಿರಿ. ಇನ್ಸರ್ಟಿನ ಬಾಗಿಲನ್ನು ಒಂದು ಇಂಚು ತೆರೆದು ಸಂದಿಯಲ್ಲಿ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಹೋದರೆ ಚಿಮಣಿ ಮೇಲಕ್ಕೆ ಸೆಳೆಯುತ್ತಿದೆ. ನಿಮ್ಮ ಕಡೆಗೆ ಬಂದರೆ ತಣ್ಣನೆಯ ಗಾಳಿ ಕೆಳಗಿಳಿಯುತ್ತಿದೆ. ಈಗ ಅಡುಗೆಮನೆಯ ಹುಡ್, ಬಚ್ಚಲಿನ ಫ್ಯಾನ್, ಬಟ್ಟೆ ಒಣಗಿಸುವ ಡ್ರೈಯರ್ ಮೂರನ್ನೂ ಹಾಕಿ ಮತ್ತೆ ಹಿಡಿಯಿರಿ. ಒಳಗೆ ಹೋಗುತ್ತಿದ್ದ ಹೊಗೆ ಈಗ ತಿರುಗಿ ನಿಮ್ಮತ್ತ ಬಂದರೆ ದೋಷ ಚಿಮಣಿಯಲ್ಲಿಲ್ಲ, ಮನೆಯೊಳಗಿನ ಗಾಳಿಯ ಒತ್ತಡದಲ್ಲಿದೆ. ನಮ್ಮ ಅಡುಗೆಮನೆಗಳಲ್ಲಿ ಇದು ಮುಖ್ಯ: ಒಗ್ಗರಣೆ ಹಾಕುವಾಗ ಹುಡ್ ಅನ್ನು ಪೂರ್ತಿ ವೇಗದಲ್ಲಿ ಇಡುತ್ತೇವೆ, ದೊಡ್ಡ ಹುಡ್ ನಿಮಿಷಕ್ಕೆ 400ರಿಂದ 600 ಘನ ಅಡಿ ಗಾಳಿಯನ್ನು ಹೊರಹಾಕುತ್ತದೆ. ಆ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು, ಸುಲಭವಾದ ದಾರಿ ಚಿಮಣಿಯೇ. ಅದೇ ಅಂತಸ್ತಿನ ಒಂದು ಕಿಟಕಿಯನ್ನು ಒಂದು ಇಂಚು ತೆರೆದು ನೋಡಿ. ಹೊಗೆ ಮತ್ತೆ ಒಳಕ್ಕೆ ತಿರುಗಿದರೆ ರೋಗ ಪತ್ತೆಯಾಯಿತು. ತಾತ್ಕಾಲಿಕ ಪರಿಹಾರ ಆ ಕಿಟಕಿ. ಶಾಶ್ವತ ಪರಿಹಾರ ಹುಡ್‌ಗೆ ಹೊರಗಾಳಿಯ ಪೂರೈಕೆ, ಮತ್ತು ಅಟ್ಟದ ಮುಚ್ಚಳ, ಮಹಡಿಯ ಹಳೆಯ ಕಿಟಕಿಗಳ ಸಂದುಗಳನ್ನು ಮುಚ್ಚುವುದು. ಮೇಲಿನ ಅಂತಸ್ತು ಸೋರುತ್ತಿದ್ದರೆ ಮನೆಯೇ ಒಂದು ಚಿಮಣಿಯಾಗಿ ಕೆಲಸ ಮಾಡುತ್ತದೆ, ಅಸಲಿ ಚಿಮಣಿ ಅದಕ್ಕೆ ಸೋಲುತ್ತದೆ.

ಬಾಗಿಲು ತೆಗೆದಾಗ ಹೊಗೆ ಹೊರಗೆ ಬರುತ್ತದೆ

ಅತಿ ಹೆಚ್ಚು ಬರುವ ದೂರು ಇದು, ಕಾರಣಗಳೂ ಹಲವು. ಹೊಗೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹಚ್ಚುವಾಗ ಮಾತ್ರ ಬಂದು ಹತ್ತು ಹದಿನೈದು ನಿಮಿಷಕ್ಕೆ ನಿಂತರೆ ಚಿಮಣಿ ತಣ್ಣಗಿದೆ ಎಂದರ್ಥ. ಹೊರಗೋಡೆಯ ಚಿಮಣಿಗಳಲ್ಲಿ ಇದು ಸಹಜ. ಜನವರಿಯ ಬೆಳಿಗ್ಗೆ ಲೈನರ್ ತುಂಬ ಭಾರವಾದ ತಣ್ಣನೆ ಗಾಳಿ ಕೂತಿರುತ್ತದೆ. ಸೌದೆಯನ್ನು ಕೆಳಗೆ ಜೋಡಿಸಿ, ಮೇಲೆ ಸಣ್ಣ ಚಕ್ಕೆಗಳಿಟ್ಟು ಮೇಲಿನಿಂದ ಹಚ್ಚಿ. ಅದಕ್ಕೂ ಮುಂಚೆ ನಾಲ್ಕೈದು ಹಾಳೆ ಪೇಪರನ್ನು ಗಂಟು ಕಟ್ಟಿ ಬ್ಯಾಫಲ್‌ನ (ಬೆಂಕಿಗೂಡಿನ ಮೇಲ್ಭಾಗದ ಹಲಗೆಯ) ಅಂಚಿಗೆ ಹತ್ತಿರ ಉರಿಸಿದರೆ ಸೆಳೆತ ಶುರುವಾಗುತ್ತದೆ. ಪ್ರತಿ ಸಲವೂ ಇದೇ ಗೋಳಾದರೆ ಲೈನರ್‌ಗೆ ಹೊದಿಕೆ ಹಾಕಿಲ್ಲ ಎಂದೇ ತಿಳಿಯಬಹುದು.

ಮೊದಲ ಕೆಲವು ವಾರ ಚೆನ್ನಾಗಿದ್ದು ಆಮೇಲೆ ದಿನೇ ದಿನೇ ಹೆಚ್ಚಾದರೆ ನೇರವಾಗಿ ತುದಿಯ ಟೋಪಿ ನೋಡಿ. ಟೋಪಿಗೆ ಸುತ್ತಿದ ಕಿಡಿ ತಡೆಯುವ ಬಲೆಯ ಕಣ್ಣುಗಳಲ್ಲಿ ಕ್ರಿಯೊಸೋಟ್ ಕಟ್ಟಿಕೊಳ್ಳುತ್ತದೆ. ಚಿಮಣಿಯಲ್ಲಿ ಅತಿ ತಣ್ಣಗಿರುವ ಜಾಗ ಅದೇ ಆದ್ದರಿಂದ ಉಳಿದ ಲೈನರ್ ಸ್ವಚ್ಛವಾಗಿದ್ದರೂ ಬಲೆ ಪೂರ್ತಿ ಮುಚ್ಚಿಹೋಗಿರಬಹುದು. ನೆಲದಲ್ಲಿ ನಿಂತು ಬೈನಾಕ್ಯುಲರ್‌ನಲ್ಲಿ ನೋಡಿದರೂ ಕಾಣುತ್ತದೆ: ಬೆಳಕು ಹಾಯಬೇಕಾದ ಬಲೆ ಕಪ್ಪು ಗೋಡೆಯ ಹಾಗೆ ನಿಂತಿರುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ. ಹಸಿ ಸೌದೆ ಉರಿಸುವವರೆಗೆ ಅದು ಮತ್ತೆ ಮುಚ್ಚುತ್ತಲೇ ಇರುತ್ತದೆ.

ಕೂರಿಸಿದ ಮೊದಲ ದಿನದಿಂದಲೇ, ಇನ್ಸರ್ಟ್ ಬಿಸಿಯಾದ ಮೇಲೂ ಹೊಗೆ ಬರುತ್ತಿದ್ದರೆ ಬ್ಯಾಫಲ್ ನೋಡಿ. ಬೆಂಕಿಗೂಡಿನ ಮೇಲ್ಭಾಗದಲ್ಲಿ ವರ್ಮಿಕ್ಯುಲೈಟ್ ಅಥವಾ ಸೆರಾಮಿಕ್ ನಾರಿನ ಹಲಗೆಗಳಿರುತ್ತವೆ, ಅವುಗಳ ಕೆಳಗೆ ಸಾಲು ತೂತುಗಳಿರುವ ಗಾಳಿ ಕೊಳವೆಗಳು. ಲೈನರನ್ನು ಕಾಲರ್‌ಗೆ ಎಳೆದು ಕೂರಿಸಲು ಕೆಲಸದವರು ಈ ಹಲಗೆಗಳನ್ನು ತೆಗೆದಿರುತ್ತಾರೆ, ಮರಳಿ ಇಡುವಾಗ ಒಂದು ಇಂಚು ಆಚೀಚೆ ಮಾಡಿರುತ್ತಾರೆ. ಹೆಚ್ಚಿನ ಮಾದರಿಗಳಲ್ಲಿ ಹೊಗೆ ಹಲಗೆಯ ಮುಂದಿನ ಅಂಚನ್ನು ದಾಟಿ ಮೇಲೆ ಹೋಗಬೇಕು, ಹಿಂಭಾಗ ಗೋಡೆಗೆ ಅಂಟಿಕೊಂಡಿರಬೇಕು. ಹಲಗೆ ಮುಂದಕ್ಕೆ ಜಾರಿದ್ದರೆ ಆ ಸಂದು ಕಿರಿದಾಗಿ ಹೊಗೆ ಬಾಗಿಲಿಗೆ ಬರುತ್ತದೆ. ಹಿಂದೆ ಸಂದು ಬಿಟ್ಟಿದ್ದರೆ ಬೆಂಕಿ ಅಡ್ಡದಾರಿ ಹಿಡಿದು ಸರಿಯಾಗಿ ಸುಡುವ ಮುನ್ನವೇ ಚಿಮಣಿ ಸೇರುತ್ತದೆ. ಕೈಗನ್ನಡಿಯನ್ನು ಒಳಗೆ ಓರೆಯಾಗಿ ಹಿಡಿದು ಟಾರ್ಚ್ ಬಿಟ್ಟರೆ ಹಲಗೆಯ ಎರಡೂ ಅಂಚುಗಳು ಕಾಣುತ್ತವೆ. ಸೌದೆ ತುರುಕುವಾಗ ತುದಿ ತಾಗಿಯೂ ಹಲಗೆ ಸರಿಯುತ್ತದೆ, ಸೆರಾಮಿಕ್ ನಾರಿನದಾದರೆ ತೂತೇ ಬೀಳುತ್ತದೆ. ಬಿರುಕು ಬಿಟ್ಟ ಹಲಗೆಯನ್ನು ತಯಾರಕರ ಬಿಡಿಭಾಗದಿಂದಲೇ ಬದಲಿಸಿ.

ಬ್ಯಾಫಲ್ ಸರಿಯಿದ್ದರೆ ಮುಂಭಾಗದ ಚೌಕಟ್ಟಿನ ತಗಡು ಕಳಚಿ ಕಾಲರ್ ನೋಡಿ. ಲೈನರ್‌ನ ಅಡಾಪ್ಟರ್ ಕಾಲರ್‌ನ ಒಳಗೆ ಇಳಿದಿರಬೇಕು, ಕನಿಷ್ಠ ಮೂರು ಸ್ಟೇನ್‌ಲೆಸ್ ಸ್ಕ್ರೂ ಹಿಡಿದಿರಬೇಕು. ಸ್ಕ್ರೂ ಇಲ್ಲದ ಜೋಡಣೆ ಮೊದಲ ವರ್ಷ ನಿಂತಿರುತ್ತದೆ. ಚಿಮಣಿ ಗುಡಿಸುವಾಗ ತಿರುಗುವ ಬ್ರಷ್ ಲೈನರನ್ನು ತಿರುಚಿದಾಗ ಕಳಚಿಕೊಳ್ಳುತ್ತದೆ. ಇನ್ಸರ್ಟಿನ ತಲೆಯ ಮೇಲೆ ಹೊಸ ಮಸಿ ಬಿದ್ದಿದ್ದರೆ, ಚೌಕಟ್ಟಿನ ಒಳಮೈ ಕಪ್ಪಾಗಿದ್ದರೆ ಅದೇ ಆಗಿದೆ.

ನಿರ್ದಿಷ್ಟ ದಿಕ್ಕಿನ ಗಾಳಿ ಬೀಸಿದಾಗ ಮಾತ್ರ ಹೊಗೆ ತಿರುಗಿ ಬಂದರೆ ಚಿಮಣಿಯ ಎತ್ತರ ಅಳೆಯಿರಿ. ಚಾವಣಿಯಿಂದ ಹೊರಬರುವ ಜಾಗದಿಂದ ಕನಿಷ್ಠ 3 ಅಡಿ, ಮತ್ತು 10 ಅಡಿ ದೂರದೊಳಗಿನ ಕಟ್ಟಡದ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರ ಇರಬೇಕು. ಒಟ್ಟು ಎತ್ತರ 15 ಅಡಿಗಿಂತ ಕಡಿಮೆಯಿದ್ದರೆ ಬಹುತೇಕ ಇನ್ಸರ್ಟುಗಳಿಗೆ ಸೆಳೆತ ಸಾಲುವುದಿಲ್ಲ. ಒಂದೇ ಅಂತಸ್ತಿನ ಮನೆಗಳಲ್ಲಿ ಇದು ಪದೇ ಪದೇ ಕಾಣುವ ದೋಷ. ತುದಿಗೆ ಎರಡು ಮೂರು ಅಡಿ ಕೊಳವೆ ಸೇರಿಸುವುದೇ ಪರಿಹಾರ.

ಡ್ಯಾಂಪರ್ ಕತ್ತಿನಲ್ಲಿ ಹಿಸುಕಿದ ಲೈನರ್

ಹಳೆಯ ಎರಕದ ಕಬ್ಬಿಣದ ಡ್ಯಾಂಪರಿನ ಬಾಯಿ ಅನೇಕ ಮನೆಗಳಲ್ಲಿ ನಾಲ್ಕೈದು ಇಂಚು ಅಗಲ ಇರುತ್ತದೆ. 6 ಇಂಚಿನ ದುಂಡು ಲೈನರ್ ಅದರಲ್ಲಿ ಇಳಿಯುವುದಿಲ್ಲ. ಆಗ ಕೆಲಸದವರು ಲೈನರನ್ನು ಅಲ್ಲೇ ಚಪ್ಪಟೆ ಮಾಡಿ ತೂರಿಸುತ್ತಾರೆ. ಎಷ್ಟು ಚಪ್ಪಟೆ ಮಾಡಬಹುದು ಎಂಬುದಕ್ಕೆ ಲೆಕ್ಕವಿದೆ. ಸುತ್ತಳತೆ ಅಷ್ಟೇ ಇಟ್ಟು ನಾಲ್ಕೂವರೆ ಇಂಚಿಗೆ ಒತ್ತಿದರೆ ವಿಸ್ತೀರ್ಣ 28ರಿಂದ 26.5 ಚದರ ಇಂಚಿಗೆ ಇಳಿಯುತ್ತದೆ, ಅದು ಹೊಗೆಗೆ ಗೊತ್ತೂ ಆಗುವುದಿಲ್ಲ. ಮೂರೂವರೆ ಇಂಚಿಗೆ ಒತ್ತಿದರೆ ಸುಮಾರು 23. ಮೂರಕ್ಕೆ ಇಳಿಸಿದರೆ 21, ಅಂದರೆ ಕಾಲುಭಾಗ ಹೋಯಿತು. ಇದು ಅಚ್ಚಿನಲ್ಲಿ ನೀಟಾಗಿ ಒತ್ತಿದಾಗಿನ ಮಾತು. ಮೊಣಕಾಲಿನಿಂದ ಒತ್ತಿದ ಲೈನರ್ ಮಧ್ಯದಲ್ಲಿ ಮಡಚಿಕೊಂಡು, ಸುಕ್ಕಿನ ಏಣುಗಳು ಹರಿದು, ಲೆಕ್ಕಕ್ಕಿಂತ ತುಂಬಾ ಕಿರಿದಾಗಿರುತ್ತದೆ.

ಕ್ಯಾಮೆರಾವನ್ನು ಕಾಲರ್ ಮೂಲಕ ಮೇಲಕ್ಕೆ ಕಳಿಸಿ ಈ ಜಾಗದಲ್ಲಿ ನಿಲ್ಲಿಸಿ. ಕೊಳವೆಯ ಬಾಯಿ ಒಂದೇ ಸಮನಾದ ಅಂಡಾಕಾರವಾಗಿ ಕಂಡರೆ ಬಿಡಿ. ಹುರುಳಿಕಾಯಿಯ ಬೀಜದ ಹಾಗೆ ಒಂದು ಬದಿ ಒಳಕ್ಕೆ ಕುಸಿದಿದ್ದರೆ, ಅಲ್ಲಿ ಮಸಿ ದಪ್ಪವಾಗಿ ಕೂತಿದ್ದರೆ, ಲೈನರ್ ಎತ್ತಿ ಡ್ಯಾಂಪರಿಗೆ ಕೈ ಹಾಕಬೇಕು. ಮುಚ್ಚಳದ ಪಟ್ಟಿಯನ್ನು ಕಳಚಿ, ಚೌಕಟ್ಟಿನ ಮುಂದಿನ ಅಥವಾ ಹಿಂದಿನ ಅಂಚಿನಲ್ಲಿ ಆಂಗಲ್ ಗ್ರೈಂಡರ್‌ನಿಂದ ಅರ್ಧಚಂದ್ರಾಕಾರವಾಗಿ ಕತ್ತರಿಸಿ. ಎರಕದ ಕಬ್ಬಿಣವನ್ನು ಸುತ್ತಿಗೆಯಿಂದ ಹೊಡೆದು ಒಡೆಯಬೇಡಿ: ಚೌಕಟ್ಟು ಅನೇಕ ಕಡೆ ಮೇಲಿನ ಇಟ್ಟಿಗೆಗಳನ್ನು ಹೊತ್ತಿರುತ್ತದೆ, ಏಟಿಗೆ ಹಳೆಯ ಗಾರೆ ಸಡಿಲವಾಗಿ ಸಾಲು ಸಾಲೇ ಉದುರುತ್ತದೆ.

ಲೈನರ್‌ನ ಉದ್ದದಲ್ಲೂ ಒಂದು ತಪ್ಪು ನಡೆಯುತ್ತದೆ. 20 ಅಡಿ ಬೇಕಾದಲ್ಲಿ 25 ಅಡಿಯ ಕಿಟ್ ತರಿಸಿ, ಕತ್ತರಿಸದೆ ಪೂರ್ತಿ ಒಳಗೆ ತುಂಬಿಸುತ್ತಾರೆ. ಆಗ ಲೈನರ್ ಒಳಗೆ ಹಾವಿನಂತೆ ಸುತ್ತಿಕೊಳ್ಳುತ್ತದೆ, ಪ್ರತಿ ಬಾಗಿನಲ್ಲೂ ಸೆಳೆತ ಸೋರಿಹೋಗುತ್ತದೆ, ಮಸಿ ತಂಗುತ್ತದೆ. ಲೈನರ್ ಮೇಲಿನ ತಟ್ಟೆಯಿಂದ ನೇರವಾಗಿ ತೂಗಬೇಕು. ಕಾಲರ್‌ನಿಂದ ಚಿಮಣಿ ತುದಿಗೆ ಅಳೆದು, ಅದಕ್ಕೆ ಒಂದು ಅಡಿ ಮಾತ್ರ ಸೇರಿಸಿ ಉಳಿದದ್ದನ್ನು ಕತ್ತರಿಸಿ.

ಹೊದಿಕೆ ಹಾಕದ ಲೈನರ್

ಸೌದೆಗೆ ಬೇಕಾದ ಲೈನರ್ 316 ದರ್ಜೆಯ ಸ್ಟೇನ್‌ಲೆಸ್, ಯುಎಲ್ 1777 (ಲೈನರ್‌ಗಳ ಸುರಕ್ಷತಾ ಮಾನದಂಡ) ಪಟ್ಟಿಯಲ್ಲಿರುವಂಥದ್ದು. ಅದರ ಸುತ್ತ ಅರ್ಧ ಇಂಚಿನ ಫಾಯಿಲ್ ಮೈಯ ಸೆರಾಮಿಕ್ ಕಂಬಳಿ, ಅದರ ಮೇಲೆ ಸ್ಟೇನ್‌ಲೆಸ್ ಬಲೆ. 6 ಇಂಚಿನ ಲೈನರ್‌ಗೆ ಕಂಬಳಿ 24 ಇಂಚು ಅಗಲ ಬೇಕು, ಸುತ್ತಿದ ಮೇಲೆ ಒಂದೆರಡು ಇಂಚು ಒಂದರ ಮೇಲೊಂದು ಬರುವಂತೆ. ಸುತ್ತುವಾಗ ಮುಖಕ್ಕೆ ಪಿ100 ಮಾಸ್ಕ್ ಇರಲಿ, ಆ ನಾರು ಶ್ವಾಸಕೋಶಕ್ಕೆ ಕೆಟ್ಟದ್ದು.

ಹೊದಿಕೆ ಬಿಟ್ಟುಬಿಡಲು ಸಿಗುವ ನೆಪ ಒಂದೇ: ಜಾಗ ಇಲ್ಲ. 6 ಇಂಚಿನ ಲೈನರ್ ಹೊದಿಕೆ ಸಮೇತ ಏಳು ಇಂಚು ದಾಟುತ್ತದೆ. ಹೊರ ಅಳತೆ ಎಂಟೂವರೆ ಇಂಚು ಚೌಕದ ಹಳೆಯ ಫ್ಲೂ ಹೆಂಚಿನ (ಚಿಮಣಿಯೊಳಗಿನ ಜೇಡಿಮಣ್ಣಿನ ಕೊಳವೆಯ) ಒಳಗೆ ಏಳರ ಆಸುಪಾಸೇ ಜಾಗ, ಅದರಲ್ಲೂ ಹೆಂಚಿನ ಸೇರುವೆಗಳಲ್ಲಿ ಗಾರೆ ಒಳಕ್ಕೆ ಚಾಚಿರುತ್ತದೆ. ಬಲವಂತವಾಗಿ ಎಳೆದರೆ ಕಂಬಳಿ ಹರಿದು ನಡುದಾರಿಯಲ್ಲಿ ಮುದ್ದೆಯಾಗುತ್ತದೆ. ಇಲ್ಲಿ ಎರಡೇ ಮರ್ಯಾದಸ್ಥ ದಾರಿ: ಹಳೆಯ ಹೆಂಚುಗಳನ್ನು ಒಡೆಯುವ ಯಂತ್ರದಿಂದ ಒಡೆದು ತೆಗೆಯುವುದು, ಅಥವಾ ಇನ್ಸರ್ಟಿನ ಕೈಪಿಡಿ ಒಪ್ಪಿದರೆ ಐದೂವರೆ ಇಂಚಿನ ಲೈನರ್ ಬಳಸುವುದು. ಹಳೆಯ ಮನೆಗಳಲ್ಲಿ ಚಿಮಣಿಯ ಇಟ್ಟಿಗೆಗೆ ತಾಗಿಕೊಂಡೇ ಮರದ ತೊಲೆಗಳಿರುತ್ತವೆ. ಇಟ್ಟಿಗೆಗೂ ಮರಕ್ಕೂ ನಡುವೆ ಒಳಚಿಮಣಿಗೆ 2 ಇಂಚು, ಹೊರಚಿಮಣಿಗೆ 1 ಇಂಚು ಬಿಡುವು ಇರಬೇಕೆಂಬ ಈಗಿನ ನಿಯಮವನ್ನು ಆಗ ಯಾರೂ ಪಾಲಿಸಿಲ್ಲ. ಆ ಮರವನ್ನು ಬೆಂಕಿಯಿಂದ ಕಾಯುವುದು ಈ ಅರ್ಧ ಇಂಚಿನ ಹೊದಿಕೆ.

ಸವೆದ ಇಟ್ಟಿಗೆ, ಉದುರುವ ಗಾರೆ

ಇನ್ಸರ್ಟ್ ಹಿಂದಿನ ಬೂದಿಯಲ್ಲಿ ಏನು ಬಿದ್ದಿದೆ ಎಂದು ಬೆರಳಲ್ಲಿ ಉಜ್ಜಿ ನೋಡಿ. ಸಕ್ಕರೆಯಂತೆ ಒರಟಾದ ತಿಳಿಬಣ್ಣದ ಮರಳು ಸಿಕ್ಕರೆ ಅದು ಸುಣ್ಣದ ಗಾರೆ, ಸೇರುವೆಗಳಿಂದ ಉದುರುತ್ತಿದೆ. ಒಂದು ಬದಿ ಮಣ್ಣಿನ ಬಣ್ಣ, ಇನ್ನೊಂದು ಬದಿ ಮಸಿಗಟ್ಟಿದ ತೆಳ್ಳನೆಯ ಚಕ್ಕೆಗಳು ಸಿಕ್ಕರೆ ಅದು ಫ್ಲೂ ಹೆಂಚು. ಹಿಂದೆಂದೋ ಚಿಮಣಿಗೆ ಬೆಂಕಿ ಹತ್ತಿ ಹೆಂಚು ಸೀಳಿರುವ ಸಂಭವ ಹೆಚ್ಚು. ಕೆಂಪು ಪುಡಿಯಾದರೆ ಇಟ್ಟಿಗೆಯ ಮೈಯೇ ಸುಲಿಯುತ್ತಿದೆ, ಮೇಲಿನಿಂದ ನೀರು ಇಳಿದು ಹೆಪ್ಪುಗಟ್ಟುತ್ತಿದೆ.

ಬೆಂಕಿಗೂಡಿನ ಸೇರುವೆಗಳಲ್ಲಿ ಕೀಲಿಕೈಯಿಂದ ಗೀಚಿ. ಕಾಲು ಇಂಚಿಗಿಂತ ಆಳಕ್ಕೆ ಸಲೀಸಾಗಿ ಹೋದರೆ ಮತ್ತೆ ತುಂಬಬೇಕು. ಒಳಗಡೆ ಶಾಖ ತಡೆಯುವ ರಿಫ್ರ್ಯಾಕ್ಟರಿ ಗಾರೆಯೇ ಆಗಬೇಕು. ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ಶಾಖಕ್ಕೆ ಪುಡಿಯಾಗುತ್ತದೆ. ಚಾವಣಿಯ ಮೇಲಿನ ಹೊರಮೈಗೆ ಬೇರೆಯದೇ ನಿಯಮ. ಹಳೆಯ ಮೆತ್ತನೆ ಇಟ್ಟಿಗೆಗೆ ಗಟ್ಟಿ ಸಿಮೆಂಟ್ ಗಾರೆ ತುಂಬಿದರೆ ತೇವ ಗಾರೆಯಿಂದ ಹೊರಹೋಗಲಾರದೆ ಇಟ್ಟಿಗೆಯಲ್ಲೇ ಉಳಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖ ಸಿಡಿಯುತ್ತದೆ. ಅಲ್ಲಿ ಸುಣ್ಣ ಹೆಚ್ಚಿರುವ ಮೆತ್ತನೆ ಗಾರೆಯೇ ಸರಿ. ತುದಿಯ ಕಾಂಕ್ರೀಟ್ ಕಿರೀಟದಲ್ಲಿ ಬಿರುಕಿದ್ದರೆ ಮೊದಲು ಅದನ್ನು ಸರಿಮಾಡಿ, ಮೇಲಿನಿಂದ ನೀರು ಬರುತ್ತಿರುವಾಗ ಕೆಳಗಿನ ರಿಪೇರಿ ನಿಲ್ಲುವುದಿಲ್ಲ.

ಬೆಂಕಿ ಚೆನ್ನಾಗಿದೆ, ಕೋಣೆ ಮಾತ್ರ ಬೆಚ್ಚಗಾಗುವುದಿಲ್ಲ

ಚೌಕಟ್ಟಿನ ತಗಡು ಕಳಚಿ ಮೇಲಕ್ಕೆ ಟಾರ್ಚ್ ಬಿಡಿ. ಲೈನರ್‌ನ ಸುತ್ತ ಖಾಲಿ ಕತ್ತಲೆ ಕಂಡರೆ ಉತ್ತರ ಸಿಕ್ಕಿತು: ಇನ್ಸರ್ಟಿನ ಮೈಯಿಂದ ಏಳುವ ಬಿಸಿ ಗಾಳಿ ನೇರ ಹಳೆಯ ಚಿಮಣಿಯೊಳಗೆ ಹೋಗಿ ಇಟ್ಟಿಗೆಗಳನ್ನು ಬೆಚ್ಚಗೆ ಮಾಡುತ್ತಿದೆ. ಬೆಂಕಿ ಉರಿಯುವಾಗ ಹೊರಗೋಡೆಯ ಚಿಮಣಿಯ ಇಟ್ಟಿಗೆಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಪಕ್ಕದ ಗೋಡೆಯೊಂದಿಗೆ ಹೋಲಿಸಿದರೆ ಇದು ಅಂಕಿಯಲ್ಲೇ ಕಾಣುತ್ತದೆ.

ಮದ್ದು ಡ್ಯಾಂಪರ್ ಮಟ್ಟದಲ್ಲಿ ಒಂದು ತಡೆತಗಡು. 22 ಅಥವಾ 24 ಗೇಜಿನ ತಗಡನ್ನು ಕತ್ತಿನ ಆಕಾರಕ್ಕೆ ಮೊದಲು ರಟ್ಟಿನಲ್ಲಿ ಕತ್ತರಿಸಿ ಅಳತೆ ನೋಡಿ; ಹಳೆಯ ಅಗ್ಗಿಷ್ಟಿಕೆಯ ಯಾವ ಮೂಲೆಯೂ ಮಟ್ಟಸವಾಗಿರುವುದಿಲ್ಲ. ಅಂಚುಗಳನ್ನು ಒಂದು ಇಂಚು ಮಡಚಿ ಇಟ್ಟಿಗೆಗೆ ಸ್ಕ್ರೂ ಹಾಕಿ. ಎರಡು ತುಂಡುಗಳಾಗಿ ಮಾಡಿ ಲೈನರ್ ಸುತ್ತ ಅರ್ಧವೃತ್ತಗಳನ್ನು ಕೂಡಿಸಿದರೆ ಕೆಲಸ ಸುಲಭ. ಅಂಚಿಗೆ ಶಾಖ ತಡೆಯುವ ಸಿಲಿಕೋನ್ ಹಚ್ಚಿ. ತಗಡಿನ ಮೇಲೆ ಮೂರ್ನಾಲ್ಕು ಇಂಚು ಕಾಗದದ ಹೊದಿಕೆಯಿಲ್ಲದ ಕಲ್ಲುಣ್ಣೆ (ರಾಕ್‌ವೂಲ್, ಆಸ್‌ಬೆಸ್ಟಾಸ್ ಅಲ್ಲ) ತುಂಬಿ. ಗುಲಾಬಿ ಬಣ್ಣದ ಫೈಬರ್‌ಗ್ಲಾಸ್ ಇಲ್ಲಿಗೆ ಸಲ್ಲದು, ಅದರ ಅಂಟು ಸುಟ್ಟು ವಾಸನೆ ಬರುತ್ತದೆ. ಈ ಒಂದು ತಗಡು ಬಿಟ್ಟುಹೋಗಿರುವುದು ನಾವು ಬಲ್ಲ ದೋಷಗಳಲ್ಲೇ ಅತಿ ಸಾಮಾನ್ಯವಾದದ್ದು, ಸರಿಪಡಿಸಲು ಅತಿ ಅಗ್ಗದ್ದೂ ಹೌದು. ಬೇಸಿಗೆಯ ಮಳೆಯಲ್ಲಿ ಬರುವ ಸುಟ್ಟ ವಾಸನೆಯೂ ಇದರಿಂದ ಬಹುಮಟ್ಟಿಗೆ ನಿಲ್ಲುತ್ತದೆ, ಲೈನರ್ ಇಳಿಸುವ ಮೊದಲು ಹಳೆಯ ಮಸಿಯನ್ನು ಪೂರ್ತಿ ಗುಡಿಸಿದ್ದರೆ.

ಗಾಜು ಕಪ್ಪಾಗುವುದು, ಬೆಂಕಿ ಮಂಕಾಗುವುದು

ಹತ್ತರಲ್ಲಿ ಒಂಬತ್ತು ಸಲ ಸೌದೆ ಹಸಿ. ಒಂದು ತುಂಡನ್ನು ಆಗಷ್ಟೇ ಸೀಳಿ, ಹೊಸ ಮೈಯ ನಡುವಿಗೆ ಮೀಟರಿನ ಮೊನೆ ಚುಚ್ಚಿ. ಶೇ 20ಕ್ಕಿಂತ ಕಡಿಮೆ ಇರಬೇಕು. ತುದಿಗೆ ಚುಚ್ಚಿದರೆ ಸುಳ್ಳು ಅಂಕಿ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆ ತುಂಬ ಸೌದೆ ಒಟ್ಟಿದ ಮಲೆನಾಡಿನವರಿಗೆ ಒಣಸೌದೆಯ ಬೆಲೆ ಗೊತ್ತು, ಆದರೆ ಇಲ್ಲಿನ ಕೆಂಪು ಓಕ್ ಒಂದು ಬೇಸಿಗೆಗೆ ಒಣಗುವುದಿಲ್ಲ, ಸೀಳಿಟ್ಟು ಎರಡು ವರ್ಷ ಬಿಡಬೇಕು. ಆ್ಯಶ್ ಮತ್ತು ಮೇಪಲ್ ಒಂದು ವರ್ಷಕ್ಕೆ ಆಗುತ್ತವೆ. ಮಾರುವವರು ಒಣಗಿದ್ದು ಎಂದರೂ ಮೀಟರ್ ಹಿಡಿದೇ ಇಳಿಸಿಕೊಳ್ಳಿ.

ಗಾಜಿನ ಒಂದು ಮೂಲೆ ಮಾತ್ರ ಕಪ್ಪಾಗುತ್ತಿದ್ದರೆ ಅಲ್ಲಿ ಗ್ಯಾಸ್ಕೆಟ್ (ಬಾಗಿಲಂಚಿನ ಹಗ್ಗದಂಥ ಸೀಲು) ಸೋರುತ್ತಿದೆ. ಡಾಲರ್ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ, ಸುತ್ತಲೂ ಐದಾರು ಕಡೆ. ಸಲೀಸಾಗಿ ಜಾರಿದ ಕಡೆ ಬೀಗದ ಹಿಡಿತ ಬಿಗಿ ಮಾಡಿ, ಅದಕ್ಕೂ ಬಗ್ಗದಿದ್ದರೆ ಹಗ್ಗದ ಗ್ಯಾಸ್ಕೆಟ್ ಬದಲಿಸಿ. ಇದೇ ಸೋರಿಕೆ ಬೆಂಕಿಯನ್ನು ಹತೋಟಿ ತಪ್ಪಿಸಲೂಬಹುದು: ಗಾಳಿ ನಿಯಂತ್ರಣ ಮುಚ್ಚಿದರೂ ಜ್ವಾಲೆ ತಗ್ಗದಿದ್ದರೆ ಬಾಗಿಲು ಮತ್ತು ಬೂದಿ ತಟ್ಟೆಯ ಮುಚ್ಚಳ ಎರಡನ್ನೂ ನೋಡಿ. 30 ಅಡಿ ದಾಟಿದ ಮೂರು ಅಂತಸ್ತಿನ ಚಿಮಣಿಯಲ್ಲಿ ಸೆಳೆತವೇ ಅತಿಯಾಗಿರಬಹುದು. ಮ್ಯಾನೋಮೀಟರ್‌ನಲ್ಲಿ (ಒತ್ತಡ ಅಳೆಯುವ ಉಪಕರಣದಲ್ಲಿ) ಮಾಮೂಲಿ ಸೆಳೆತ ನೀರಿನ ಮಟ್ಟದ 0.05 ಇಂಚಿನ ಆಸುಪಾಸು, 0.10 ದಾಟಿದರೆ ಅದನ್ನು ತಗ್ಗಿಸುವ ದಾರಿ ತಯಾರಕರನ್ನು ಕೇಳಿ.

ಹೊಸ ಇನ್ಸರ್ಟಿನ ಮೊದಲ ಎರಡು ಮೂರು ಬೆಂಕಿಯಲ್ಲಿ ಮೈಯಿಂದಲೇ ಏಳುವ ಘಾಟು ಬಣ್ಣ ಹದವಾಗುವ ವಾಸನೆ. ಕಿಟಕಿ ತೆರೆದಿಡಿ, ಅದು ದೋಷವಲ್ಲ.

ಉರಿಸುವುದನ್ನು ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಮಹಡಿಯ ಕೋಣೆಯ ಅಗ್ಗಿಷ್ಟಿಕೆಯಲ್ಲಿ ಅಥವಾ ನೆಲಮಾಳಿಗೆಯಲ್ಲಿ ಹೊಗೆ ಕಂಡರೆ ಎರಡು ಸಾಧ್ಯತೆ. ಅಕ್ಕಪಕ್ಕದ ಫ್ಲೂಗಳ ತುದಿಗಳು ಒಂದೇ ಎತ್ತರದಲ್ಲಿದ್ದು ಒಂದರ ಹೊಗೆಯನ್ನು ಇನ್ನೊಂದು ಕೆಳಕ್ಕೆ ಎಳೆದುಕೊಳ್ಳುತ್ತಿರಬಹುದು. ಒಂದನ್ನು ಎತ್ತರಿಸಿದರೆ ಅದು ತೀರುತ್ತದೆ. ಅಥವಾ ಎರಡರ ನಡುವಿನ ಒಂದಿಟ್ಟಿಗೆ ಗೋಡೆ ಕುಸಿದು, ಕಳಚಿಕೊಂಡ ಲೈನರಿನ ಹೊಗೆ ಪಕ್ಕಕ್ಕೆ ನುಗ್ಗುತ್ತಿರಬಹುದು. ಎರಡನೆಯದು ಪ್ರಾಣಕ್ಕೆ ಅಪಾಯ, ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆ ಸೇರುತ್ತದೆ.

ಅಗ್ಗಿಷ್ಟಿಕೆಯ ಮೇಲಿನ ಮರದ ಪಟ್ಟಿ ಮುಟ್ಟಲಾರದಷ್ಟು ಬಿಸಿಯಾದರೆ, ಬಣ್ಣ ಕಂದಿದರೆ, ಒಣಮರ ಕಾಯುವ ವಾಸನೆ ಬಂದರೆ ಬೆಂಕಿಗೆ ಸೌದೆ ಹಾಕುವುದನ್ನು ನಿಲ್ಲಿಸಿ. ವರ್ಷಗಟ್ಟಲೆ ಕಾದ ಮರ ಹೊಸ ಮರಕ್ಕಿಂತ ತೀರಾ ಕಡಿಮೆ ಶಾಖಕ್ಕೆ ಹೊತ್ತಿಕೊಳ್ಳುತ್ತದೆ. ನೆಲಮಾಳಿಗೆಗೆ ಇಳಿದು ಅಗ್ಗಿಷ್ಟಿಕೆಯ ಮುಂದಿನ ಕಲ್ಲುಹಾಸಿನ ತಳವನ್ನೂ ನೋಡಿ. ಹಳೆಯ ಮನೆಗಳಲ್ಲಿ ಆ ಹಾಸನ್ನು ಕಟ್ಟುವಾಗ ಆಧಾರಕ್ಕೆ ಹೊಡೆದ ಹಲಗೆಗಳನ್ನು ಹಾಗೇ ಬಿಟ್ಟಿರುತ್ತಾರೆ, ಈಗ ಅವು ಬೆಂಕಿಯ ಕೆಳಗೇ ಇವೆ. ಅವನ್ನು ತೆಗೆಸಬೇಕು, ಅದಕ್ಕೆ ಮೊದಲು ಕಲ್ಲುಹಾಸು ಅವುಗಳ ಮೇಲೇ ನಿಂತಿಲ್ಲ ಎಂದು ಬಲ್ಲವರಿಂದ ಖಚಿತ ಮಾಡಿಕೊಳ್ಳಿ.

ಅಗ್ಗಿಷ್ಟಿಕೆಗೆ ಹೊಸ ಇನ್ಸರ್ಟ್ ಹಾಕುವಾಗ, ಮನೆ ಕೈ ಬದಲಾದಾಗ ಎನ್‌ಎಫ್‌ಪಿಎ 211ರ ಪ್ರಕಾರ ಎರಡನೆಯ ಹಂತದ ತಪಾಸಣೆ ಆಗಬೇಕು, ಅಂದರೆ ಪೂರ್ತಿ ಫ್ಲೂ ಒಳಗೆ ಕ್ಯಾಮೆರಾ ಹೋಗಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಊರಿನ ಕಟ್ಟಡ ಇಲಾಖೆಯ ಅನುಮತಿಯೂ ಬೇಕು. ಆ ಕಾಗದವಿಲ್ಲದೆ ಬೆಂಕಿ ಅನಾಹುತವಾದರೆ ವಿಮೆಯವರೊಂದಿಗೆ ವಾದಿಸುವುದು ಕಷ್ಟ.

ಚಿಮಣಿಯೊಳಗೆ ರೈಲು ಹೋದಂತೆ ಗುಡುಗು ಕೇಳಿಸಿದರೆ, ತುದಿಯಿಂದ ಕಿಡಿ ಹಾರಿದರೆ ಕ್ರಿಯೊಸೋಟ್ ಹೊತ್ತಿಕೊಂಡಿದೆ. ಇನ್ಸರ್ಟಿನ ಬಾಗಿಲು ಮತ್ತು ಗಾಳಿ ನಿಯಂತ್ರಣ ಪೂರ್ತಿ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, 911ಕ್ಕೆ ಕರೆ ಮಾಡಿ. ಒಳಗೆ ನೀರು ಎರಚಬೇಡಿ, ಏನಾಯಿತೆಂದು ನೋಡಲು ಬಾಗಿಲು ತೆರೆಯಬೇಡಿ. ಬೆಂಕಿ ತಾನಾಗಿ ಆರಿದರೂ, ಹೊರಗಿನಿಂದ ಎಲ್ಲ ಸರಿಯಿರುವಂತೆ ಕಂಡರೂ, ಲೈನರ್ ಮತ್ತು ಅದರ ಹೊರಗಿನ ಇಟ್ಟಿಗೆ ಎರಡನ್ನೂ ಕ್ಯಾಮೆರಾದಲ್ಲಿ ನೋಡಿಸುವ ತನಕ ಆ ಇನ್ಸರ್ಟಿಗೆ ಮತ್ತೆ ಬೆಂಕಿ ಹಾಕಬೇಡಿ.